ಓದುಗರ ಪ್ರಶ್ನೆಗೆ ಉತ್ತರ: ಒಂದು ವಚನ ಹಿಂದಿನಿಂದ ಓದೋಣ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಸಭೆಯಲ್ಲಿ 14 ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸಿ ಪುಸ್ತಕದಲ್ಲಿ ಬರೆದಿಡುವವಳೂ ನಾನೇ. ಈ ಸಲ ಸಭಾ ಹಿರಿಯರ ಆಯ್ಕೆಯ ಹೊತ್ತಿಗೆ ಕೆಲವರು ನನ್ನ ಹೆಸರು ಸೂಚಿಸಿದಾಗ, ಹಿರಿಯರೊಬ್ಬರು ಎದ್ದು ನಿಂತು, ಸ್ತ್ರೀಯು ಉಪದೇಶಿಸಬಾರದು, ಪುರುಷನ ಮೇಲೆ ಅಧಿಕಾರ ನಡೆಸಬಾರದು ಎಂಬ 1 ತಿಮೊಥೆ 2:12ನ್ನು ಓದಿ ಕುಳಿತುಬಿಟ್ಟರು. ಯಾರೂ ಮಾತಾಡಲಿಲ್ಲ. ನಾನೇ ಹೆಸರು ಹಿಂದಕ್ಕೆ ತೆಗೆದುಕೊಂಡೆ. ಮನೆಗೆ ಬಂದು ಹೇಳಿಕೊಂಡರೆ ನಮ್ಮ ಮನೆಯವರು, ಅವರೇನೂ ಕೆಟ್ಟವರಲ್ಲ, “ಎಫೆಸದಲ್ಲೂ ಗಂಡಂದಿರಿಗೆ ಅಧೀನರಾಗಿರಿ ಅಂತ ಬರೆದಿದೆಯಲ್ಲ, ಇದರಲ್ಲಿ ಬೇಸರ ಯಾಕೆ?” ಎಂದರು. ದೇವರ ವಾಕ್ಯಕ್ಕೆ ಎದುರು ನಿಲ್ಲುವ ಮನಸ್ಸು ನನಗಿಲ್ಲ. ಆದರೆ ದೇವರು ನನ್ನನ್ನು ಒಂದು ಮೆಟ್ಟಿಲು ಕೆಳಗೆ ಇಟ್ಟಿದ್ದಾನೆಯೇ ಎಂಬುದು ನನಗೆ ತಿಳಿಯಬೇಕಾಗಿದೆ.
ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಸಹೋದರಿ, ಇಟ್ಟಿಲ್ಲ ಎಂಬುದೇ ನನ್ನ ಉತ್ತರ. ವಾಕ್ಯಕ್ಕೆ ಎದುರು ನಿಲ್ಲುವ ಮನಸ್ಸಿಲ್ಲವೆಂದು ನೀವು ಬರೆದಿರುವುದರಿಂದ, ವಾಕ್ಯವನ್ನೇ ಮುಂದಿಟ್ಟುಕೊಂಡು, ನಿಮಗೆ ಓದಿ ಹೇಳಿದ ಎರಡೂ ವಚನಗಳನ್ನು ಅವು ಇರುವ ಪತ್ರಗಳ ಒಳಗೇ ಇಟ್ಟು ನೋಡೋಣ. ಮನೆಯಿಂದ ಪ್ರಾರಂಭಿಸುತ್ತೇನೆ. ಹೆಣ್ಣುಮಕ್ಕಳನ್ನು ಸುಮ್ಮನಾಗಿಸುವ ಮಾತು ಮನೆಯಲ್ಲಿ ರೂಢಿಯಾದ ಮೇಲೆಯೇ ಸಭೆಯೊಳಗೆ ಬರುತ್ತದೆ ಎಂಬುದು ನಾನು ಇಷ್ಟು ವರ್ಷ ಕಂಡುಕೊಂಡ ಸಂಗತಿ.

ನಿಮ್ಮ ಮನೆಯವರು ಹೇಳಿದ್ದು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 22ನೇ ವಚನ. ದಯವಿಟ್ಟು ಇಬ್ಬರೂ ಕೂಡಿ ಕುಳಿತು ಅದನ್ನು ಒಂದು ವಚನ ಹಿಂದಿನಿಂದ ಓದಿರಿ. 21ನೇ ವಚನದಲ್ಲಿ, ಆ ಪತ್ರ ಬರೆದ ಅಪೊಸ್ತಲ ಪೌಲನು, ಕ್ರಿಸ್ತನ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಸಭೆಯಲ್ಲಿರುವ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ ಸೇರಿಸಿಯೇ ಬರೆಯುತ್ತಾನೆ. ಗ್ರೀಕ್ ಭಾಷೆಯ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ತನ್ನದೇ ಆದ ಕ್ರಿಯಾಪದವೇ ಇಲ್ಲ. “ಸ್ತ್ರೀಯರೇ, ಕರ್ತನಿಗೆ ಹೇಗೋ ಹಾಗೆ ನಿಮ್ಮ ಗಂಡಂದಿರಿಗೆ” ಎಂದು ಅದು ನಿಂತುಬಿಡುತ್ತದೆ, ಮತ್ತು ‘ಅಧೀನರಾಗಿರಿ’ ಎಂಬುದನ್ನು ಓದುಗನು ಹಿಂದಿನ ವಾಕ್ಯದಿಂದಲೇ ತಂದುಕೊಳ್ಳಬೇಕಾಗುತ್ತದೆ. ಅಂದರೆ ಹೆಂಡತಿಗೆ ಹೇಳಿದ ಅಧೀನತೆ ಬೇರೆ ಜಾತಿಯದಲ್ಲ, ಎಲ್ಲರಿಗೂ ಹೇಳಿದ ಅಧೀನತೆಯದೇ ಒಂದು ಎಳೆ. ಪೌಲನು ವಚನಗಳಿಗೆ ಸಂಖ್ಯೆ ಹಾಕಿರಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಇಂದು ನಾವು ಬಳಸುವ ವಚನಸಂಖ್ಯೆ 1551ರಲ್ಲಿ ಒಬ್ಬ ಮುದ್ರಕನು ಹಾಕಿದ್ದು. ಅನಂತರ ಎಷ್ಟೋ ಮುದ್ರಣಗಳಲ್ಲಿ 21 ಮತ್ತು 22ರ ನಡುವೆ ಗಂಡ ಹೆಂಡಿರ ಕುರಿತಾದ ಒಂದು ದಪ್ಪಕ್ಷರದ ತಲೆಬರಹ ಬಂದು ಕುಳಿತಿತು. ಆ ತಲೆಬರಹ ಒಂದೇ ಮಾತನ್ನು ಎರಡು ತುಂಡು ಮಾಡಿ, ಮೊದಲ ತುಂಡನ್ನು ನಾವು ಮರೆಯುವ ಹಾಗೆ ಮಾಡಿದೆ.

ಮುಂದೆ ಓದಿದರೆ, ಹೆಂಡತಿಗೆ 3 ವಚನಗಳಲ್ಲಿ ಹೇಳಿ ಮುಗಿಸಿದ ಪೌಲನು ಗಂಡನಿಗೆ 25ರಿಂದ ಅಧ್ಯಾಯದ ಕೊನೆಯವರೆಗೂ ಹೇಳುತ್ತಲೇ ಹೋಗುತ್ತಾನೆ. ಆ ಕಾಲದ ಗ್ರೀಕ್ ಮತ್ತು ರೋಮನ್ ಸಮಾಜದಲ್ಲಿ ಮನೆತನ ನಡೆಸುವ ಬಗ್ಗೆ ಉಪದೇಶ ಮಾಡುತ್ತಿದ್ದವರು ಯಜಮಾನನಿಗೆ ಹೆಂಡತಿ, ಮಕ್ಕಳು, ಆಳುಗಳನ್ನು ಆಳುವುದು ಹೇಗೆಂಬುದನ್ನು ಕಲಿಸುತ್ತಿದ್ದರು. ಪೌಲನು ಗಂಡನಿಗೆ ಆಳು ಎಂದು ಒಂದು ಕಡೆಯೂ ಹೇಳುವುದಿಲ್ಲ, ಕ್ರಿಸ್ತನು ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟಂತೆ ಪ್ರೀತಿಸು ಎನ್ನುತ್ತಾನೆ. ಅಲ್ಲಿ ಬರುವ ‘ತಲೆ’ ಎಂಬ ಪದವನ್ನು ಕೇಳಿದ ಕೂಡಲೇ ನಮ್ಮ ಕಡೆಯವರಿಗೆ ಮನೆಯ ಯಜಮಾನ, ಊರಿನ ಗೌಡ ನೆನಪಾಗುವುದು ಸಹಜ. ಮೂಲದ ಪದಕ್ಕೆ ಅಧಿಕಾರವೆಂಬ ಅರ್ಥವೋ, ಹುಟ್ಟಿನ ಮೂಲವೆಂಬ ಅರ್ಥವೋ ಎಂದು ಭಕ್ತಿವಂತ ವಿದ್ವಾಂಸರ ನಡುವೆಯೇ ವಾದವಿದೆ. ಆ ವಾದ ಏನೇ ಇರಲಿ, ತಲೆಯಾದ ಕ್ರಿಸ್ತನು ಈ ಭಾಗದಲ್ಲಿ ಮಾಡುವ ಕೆಲಸಗಳನ್ನು ಬೆರಳು ಮಡಚಿ ಎಣಿಸಿ ನೋಡಿರಿ: ಪ್ರೀತಿಸುತ್ತಾನೆ, ತನ್ನನ್ನೇ ಕೊಡುತ್ತಾನೆ, ತೊಳೆಯುತ್ತಾನೆ, ಪೋಷಿಸುತ್ತಾನೆ. ಅಪ್ಪಣೆ ಕೊಡುವುದು ಆ ಎಣಿಕೆಯಲ್ಲಿ ಬರುವುದೇ ಇಲ್ಲ.

ಮನೆಯ ನಿರ್ಧಾರಗಳನ್ನು ತೆಗೆದುಕೊಳ್ಳುವವರು ಯಾರು ಎಂಬುದಕ್ಕೆ 1 ಕೊರಿಂಥ 7ನೇ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಯಾರೂ ಓದಿಸುವುದಿಲ್ಲವೆಂಬುದು ನನ್ನ ಬಹುದಿನದ ನೋವು. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವುಂಟೆಂದು ಹೇಳಿದ್ದರೆ ಆ ಕಾಲದಲ್ಲಿ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ 4ನೇ ವಚನವು, ಹಾಗೆಯೇ ಗಂಡನ ದೇಹದ ಮೇಲೆ ಅಧಿಕಾರವಿರುವುದು ಅವನಿಗಲ್ಲ, ಅವನ ಹೆಂಡತಿಗೆ ಎನ್ನುತ್ತದೆ. 5ನೇ ವಚನದಲ್ಲಿ ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಅಗಲಿರುವುದಾದರೂ ಇಬ್ಬರ ಸಮ್ಮತಿಯಿಂದಲೇ ಆಗಬೇಕೆಂದು ಬರೆದಿದೆ. ಅಷ್ಟು ಗುಟ್ಟಿನ, ಅಷ್ಟು ಹತ್ತಿರದ ವಿಷಯದಲ್ಲೇ ಇಬ್ಬರ ಒಪ್ಪಿಗೆ ಬೇಕೆಂದ ಮೇಲೆ, ವರ್ಗಾವಣೆ, ಮನೆ ಕಟ್ಟುವುದು, ಮಗಳ ಓದು, ಸಂಬಳದ ಖರ್ಚು ಇವುಗಳಲ್ಲಿ ಒಬ್ಬನ ಮಾತೇ ಕೊನೆಯ ಮಾತೆಂದು ಸತ್ಯವೇದದ ಹೆಸರಿನಲ್ಲಿ ಹೇಳಲು ಬರುವುದಿಲ್ಲ.

ಇದಕ್ಕೆಲ್ಲ ಬುಡದಲ್ಲಿರುವುದು ಆದಿಕಾಂಡ. ಮೊದಲ ಅಧ್ಯಾಯದ 27 ಮತ್ತು 28ರಲ್ಲಿ ದೇವರ ಸ್ವರೂಪವೂ ಭೂಮಿಯ ಮೇಲಣ ಅಧಿಕಾರವೂ ಗಂಡು ಹೆಣ್ಣು ಇಬ್ಬರಿಗೂ ಒಟ್ಟಿಗೇ ಕೊಡಲ್ಪಟ್ಟಿವೆ. ಎರಡನೆಯ ಅಧ್ಯಾಯದಲ್ಲಿ ಸ್ತ್ರೀಯನ್ನು ‘ಸಹಕಾರಿ’ ಎಂದದ್ದರಿಂದ ಆಕೆ ಕೈಕೆಳಗಿನವಳು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲಿರುವ ಇಬ್ರಿಯ, ಅಂದರೆ ಹೀಬ್ರೂ, ಪದ ‘ಏಜೆರ್’. ಅದೇ ಪದ ಹಳೆಯ ಒಡಂಬಡಿಕೆಯಲ್ಲಿ ಹೆಚ್ಚಾಗಿ ಬರುವುದು ದೇವರನ್ನು ಕುರಿತು. ನಮ್ಮ ಅಜ್ಜಿ ಗುಳೇದಗುಡ್ಡದವರು. 19ನೇ ಶತಮಾನದ ನಡುವಿನಲ್ಲೇ ಬಾಸೆಲ್ ಮಿಷನ್ ಕಾಲಿಟ್ಟಿದ್ದ ಊರು ಅದು. ಖಣದ ಮಗ್ಗಕ್ಕೆ ಕಂಡಿಕೆ ಸುತ್ತುತ್ತಲೇ ಅವರು ವಚನ ಬಾಯಿಪಾಠ ಮಾಡುತ್ತಿದ್ದರು. ಅವರ ಸತ್ಯವೇದದಲ್ಲಿ ಒಂದೇ ಒಂದು ಕಡೆ ಗುರುತಿಗಾಗಿ ಕೆಂಪು ಖಣದ ಎಳೆಯೊಂದು ಇರುತ್ತಿತ್ತು, ಅದರ ಬಣ್ಣ ಹಾಳೆಗೂ ಹತ್ತಿತ್ತು. ಅದು 121ನೇ ಕೀರ್ತನೆ: ಬೆಟ್ಟಗಳ ಕಡೆಗೆ ಕಣ್ಣೆತ್ತುತ್ತೇನೆ, ನನ್ನ ಸಹಾಯವು ಎಲ್ಲಿಂದ ಬರುವುದು? ಇಬ್ರಿಯ ಕಲಿಯುವಾಗ ಆ ಕೀರ್ತನೆಯ ‘ಸಹಾಯ’ವೂ ಹವ್ವಳನ್ನು ಕುರಿತ ‘ಸಹಕಾರಿ’ಯೂ ಅದೇ ಏಜೆರ್ ಪದವೆಂದು ತಿಳಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಭೂಮ್ಯಾಕಾಶಗಳನ್ನು ಉಂಟುಮಾಡಿದವನು ಸಹಾಯಕನೆನಿಸಿಕೊಂಡು ನಮಗಿಂತ ಕೆಳಗಿನವನಾಗುವುದಿಲ್ಲವಷ್ಟೆ. ಅದರ ಜೊತೆಗಿರುವ ಇನ್ನೊಂದು ಪದಕ್ಕೆ ‘ಎದುರಿಗೆ ಸರಿಸಮನಾಗಿ ನಿಲ್ಲುವ’ ಎಂಬ ಭಾವವಿದೆ.

ಗಂಡನು ನಿನ್ನನ್ನು ಆಳುವನು ಎಂಬ ಮಾತು ಬರುವುದು 3:16ರಲ್ಲಿ, ಪಾಪ ಮಾಡಿದ ಅನಂತರ. ಎರಡೇ ವಚನ ಮುಂದೆ, ಭೂಮಿಯಲ್ಲಿ ಮುಳ್ಳುಗಿಡಗಳೂ ಕಳೆಗಳೂ ಹುಟ್ಟುವವು ಎಂದಿದೆ. ನಮ್ಮ ಎರೆಹೊಲಗಳಲ್ಲಿ ಜೋಳದ ಸಾಲಿನ ನಡುವೆ ಕಳೆ ಎದ್ದರೆ, ಇದು ದೇವರು ನೇಮಿಸಿದ ಕ್ರಮವೆಂದು ಯಾವ ಕ್ರೈಸ್ತ ರೈತನೂ ಕೈಕಟ್ಟಿ ಕೂರುವುದಿಲ್ಲ. ಎಡೆ ಹೊಡೆಯುತ್ತಾನೆ, ಕಸ ತೆಗೆಸುತ್ತಾನೆ. ಹೆರಿಗೆಯ ನೋವು ಕಡಿಮೆ ಮಾಡಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಒಂದೇ ಶಾಪದೊಳಗಿನ ಎರಡನ್ನು ಕಳೆಯೆಂದು ಕಿತ್ತು, ಮೂರನೆಯದನ್ನು ಬೆಳೆಯೆಂದು ನೀರು ಹಾಯಿಸಿ ಬೆಳೆಸುವುದು ನ್ಯಾಯವಲ್ಲ.

ಇನ್ನು ಸಭೆಯ ವಿಷಯ. ಆ ಹಿರಿಯರು ಓದಿದ ವಚನ ಕಠಿಣವಾದದ್ದೇ. ಅದನ್ನು ಇಲ್ಲವೆನ್ನಲು ನಾನು ಸಿದ್ಧಳಿಲ್ಲ. ಸ್ತ್ರೀಯು ಉಪದೇಶಿಸುವುದಕ್ಕಾಗಲಿ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕಾಗಲಿ ನಾನು ಅಪ್ಪಣೆ ಕೊಡುವುದಿಲ್ಲ ಎಂದು ಪೌಲನು ತಿಮೊಥೆಗೆ ಬರೆದದ್ದು, ತಿಮೊಥೆಯು ಎಫೆಸದಲ್ಲಿದ್ದಾಗ. ಪತ್ರದ ಮೊದಲನೆಯ ಅಧ್ಯಾಯದಲ್ಲೇ ಅವನನ್ನು ಅಲ್ಲಿ ಬಿಟ್ಟುಬಂದ ಕಾರಣ ಹೇಳಿದೆ: ಸುಳ್ಳು ಬೋಧನೆಯನ್ನು ತಡೆಯಲಿಕ್ಕೆ. ಮದುವೆಯೇ ಬೇಡವೆಂದು ಹೇಳುವ ಬೋಧಕರು ಅಲ್ಲಿದ್ದರೆಂದು 4ನೇ ಅಧ್ಯಾಯವೂ, ಅಂಥ ಜನ ಮನೆಗಳೊಳಗೆ ನುಸುಳಿ ಹೆಂಗಸರನ್ನು ಮರುಳುಮಾಡುತ್ತಿದ್ದರೆಂದು ಎರಡನೆಯ ಪತ್ರವೂ ಹೇಳುತ್ತವೆ. ಅಂಥ ಊರಿನಲ್ಲಿ, ಕಲಿಯದೆ ಕಲಿಸಲು ಹೊರಟವರಿಗೆ ಪೌಲನು ಮೊದಲು ಹೇಳುವ ಮಾತು “ಸ್ತ್ರೀಯು ಕಲಿಯಲಿ” ಎಂಬುದು. 11ನೇ ವಚನದ ಈ ಆಜ್ಞೆಯನ್ನು ಬಿಟ್ಟು 12ನ್ನು ಮಾತ್ರ ಓದುವುದು ವಾಡಿಕೆಯಾಗಿಬಿಟ್ಟಿದೆ. ‘ಅಧಿಕಾರ ನಡೆಸು’ ಎಂದು ನಾವು ಓದುವ ಗ್ರೀಕ್ ಪದ ‘ಔಥೆಂತೇಯಿನ್’ ಇಡೀ ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಬರುತ್ತದೆ. ಸಭೆಯ ಸಾಮಾನ್ಯ ಅಧಿಕಾರದ ಬಗ್ಗೆ ಹೇಳುವಾಗ ಪೌಲನು ಬಳಸುವ ಪದ ಇದಲ್ಲ. ಮೇಲೆಬಿದ್ದು ದಬ್ಬಾಳಿಕೆ ಮಾಡುವುದೆಂಬ ಅರ್ಥ ಇದಕ್ಕಿದೆಯೆಂದು ಅನೇಕ ವಿದ್ವಾಂಸರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ಆದಾಮನು ಮೊದಲು ನಿರ್ಮಿತನಾದನು ಎಂಬ ಮುಂದಿನ ಮಾತನ್ನು ಹಿಡಿದು, ಇದು ಎಲ್ಲ ಕಾಲಕ್ಕೂ ಇರುವ ಕ್ರಮ ಎಂದು ಒಪ್ಪದವರು ವಾದಿಸುತ್ತಾರೆ. ಅವರ ಭಕ್ತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಅದೇ ಪೌಲನು 1 ಕೊರಿಂಥ 11:11 ಮತ್ತು 12ರಲ್ಲಿ, ಸ್ತ್ರೀಯು ಪುರುಷನಿಂದ ಉಂಟಾದಂತೆ ಪುರುಷನು ಸ್ತ್ರೀಯ ಮೂಲಕ ಹುಟ್ಟುತ್ತಾನೆ, ಎಲ್ಲವೂ ದೇವರಿಂದಲೇ ಎಂದು ಆ ಮೊದಲು ನಂತರದ ಲೆಕ್ಕವನ್ನು ತಾನೇ ಸರಿದೂಗಿಸುತ್ತಾನೆ. ಅದೇ ತಿಮೊಥೆಯ ಪತ್ರದ 9ನೇ ವಚನದಲ್ಲಿ ಹೆಣೆದ ಕೂದಲು, ಚಿನ್ನ, ಮುತ್ತು ಬೇಡವೆಂದಿದೆ. ಅದನ್ನು ಆ ಊರಿನ ಐಶ್ವರ್ಯದ ಆಡಂಬರಕ್ಕೆ ಹೇಳಿದ್ದೆಂದು ನಾವೆಲ್ಲರೂ ಅರ್ಥಮಾಡಿಕೊಂಡು ಮಗಳ ಮದುವೆಗೆ ಬಳೆ ಮಾಡಿಸುತ್ತೇವೆ. ಮೂರು ವಚನ ಕೆಳಗಿನ ಮಾತಿಗೂ ಅದೇ ತಾಳ್ಮೆ ತೋರಿಸಬೇಕೆಂದು ಕೇಳುವುದು ವಾಕ್ಯದ್ರೋಹವಾಗಲಾರದು.

ಅದೇ ಎಫೆಸ ಪಟ್ಟಣದಲ್ಲಿ ಅಪೊಲ್ಲೋಸನೆಂಬ ವಾಕ್ಚತುರನಾದ ಪಂಡಿತನಿಗೆ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿ ಕಲಿಸಿದವರು ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಗಳು. ಅಪೊಸ್ತಲರ ಕೃತ್ಯಗಳು 18:26ರಲ್ಲಿ ಹೆಂಡತಿಯ ಹೆಸರೇ ಮೊದಲು ಬಂದಿದೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಹೆಸರುಗಳ ಪಟ್ಟಿಯೆಂದು ದಾಟಿ ಹೋಗಬೇಡಿರಿ. ಮೊದಲ ಹೆಸರು ಕೆಂಕ್ರೆಯ ಸಭೆಯ ಫೊಯಿಬೆಯದು. ಅಲ್ಲಿ ಆಕೆಗೆ ಬಳಸಿದ ‘ದಿಯಾಕೊನೊಸ್’ ಎಂಬ ಪದವನ್ನೇ ಪೌಲನು ತನಗೂ ಅಪೊಲ್ಲೋಸನಿಗೂ ಬಳಸಿಕೊಂಡಿದ್ದಾನೆ. ಆ ಪತ್ರವನ್ನು ರೋಮಿಗೆ ಒಯ್ದವಳು ಆಕೆಯೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 7ನೇ ವಚನದಲ್ಲಿ ಅಪೊಸ್ತಲರಲ್ಲಿ ಹೆಸರುವಾಸಿಯಾದ ಯೂನ್ಯಳಿದ್ದಾಳೆ. 4ನೇ ಶತಮಾನದ ಸಭಾಪಿತನಾದ ಜಾನ್ ಕ್ರಿಸೋಸ್ತಮನು, ಅಪೊಸ್ತಲಳೆನಿಸಿಕೊಳ್ಳಲು ಯೋಗ್ಯಳಾದ ಈ ಸ್ತ್ರೀಯ ಜ್ಞಾನ ಎಷ್ಟಿರಬೇಕೆಂದು ಮೆಚ್ಚಿ ಮಾತಾಡಿದ್ದಾನೆ. ಬಹಳ ಶತಮಾನಗಳ ಮೇಲೆ ಕೆಲವು ಅನುವಾದಕರು ಆಕೆಯನ್ನು ಗಂಡಸಾಗಿ ಮಾಡಿದರು, ಅಪೊಸ್ತಲರಲ್ಲಿ ಹೆಣ್ಣು ಇರಲಾರಳೆಂಬ ಎಣಿಕೆಯಿಂದ.

ಸಭೆಯಲ್ಲಿ ಸ್ತ್ರೀಯರು ಮೌನವಾಗಿರಲಿ ಎಂಬ 1 ಕೊರಿಂಥ 14:34ನ್ನೂ ಮುಂದಿನ ಸಲ ಯಾರಾದರೂ ನಿಮಗೆ ಓದಿ ತೋರಿಸಬಹುದಾದ್ದರಿಂದ ಒಂದು ಮಾತು. ಅದೇ ಅಧ್ಯಾಯದಲ್ಲಿ ಅದೇ ಕ್ರಿಯಾಪದದಿಂದ ಮೌನವಾಗಿರಲು ಹೇಳಿಸಿಕೊಂಡವರು ಇನ್ನಿಬ್ಬರಿದ್ದಾರೆ: ಅರ್ಥ ಹೇಳುವವನಿಲ್ಲದೆ ಅನ್ಯಭಾಷೆಯಾಡುವವನು, ಮತ್ತು ಇನ್ನೊಬ್ಬನಿಗೆ ಪ್ರಕಟನೆಯಾದಾಗಲೂ ನಿಲ್ಲಿಸದೆ ಮಾತಾಡುವ ಪ್ರವಾದಿ. ಅವರ ಮೌನ ಆ ಹೊತ್ತಿನದು. ಸ್ತ್ರೀಯರದ್ದು ಮಾತ್ರ ಜೀವಮಾನದ್ದೆಂದು ಹೇಳಲು, ಮೂರು ಅಧ್ಯಾಯ ಹಿಂದೆ 11:5ರಲ್ಲಿ ಸ್ತ್ರೀಯು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಪೌಲನು ಒಪ್ಪಿಕೊಂಡೇ ಮಾತಾಡಿದ್ದು ಅಡ್ಡ ಬರುತ್ತದೆ.

ನೀವು ಮಾಡಬೇಕಾದದ್ದೇನು? ಆ ಹಿರಿಯರ ಮನೆಗೆ, ನಿಮ್ಮ ಮನೆಯವರನ್ನೂ ಕರೆದುಕೊಂಡು, ಹೋಗಿ ಬನ್ನಿರಿ. ಜಗಳಕ್ಕಲ್ಲ, ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಕೂಡಿ ಓದಲು. ಹೆಸರನ್ನು ಮುಂದಿನ ಆಯ್ಕೆಯಲ್ಲಿ ಮತ್ತೆ ಸೂಚಿಸಿದರೆ ಹಿಂದಕ್ಕೆ ತೆಗೆದುಕೊಳ್ಳಬೇಡಿರಿ. ಕಾಣಿಕೆ ಎಣಿಸಲು ಸಾಲುವ ನಿಮ್ಮ ಪ್ರಾಮಾಣಿಕತೆ, ಆ ಕಾಣಿಕೆಯ ಖರ್ಚನ್ನು ನಿರ್ಧರಿಸುವ ಕಮಿಟಿಯಲ್ಲಿ ಕೂರಲೂ ಸಾಲುತ್ತದೆ.

ಪ್ರಶ್ನೆ: ನನ್ನ ಗಂಡ ಕುಡಿದು ಬಂದು ಹೊಡೆಯುತ್ತಾರೆ. ಸಭೆಯ ದೊಡ್ಡವರ ಹತ್ತಿರ ಹೇಳಿಕೊಂಡೆ. ಪೇತ್ರನ ಮೊದಲನೆಯ ಪತ್ರದ ಮೂರನೆಯ ಅಧ್ಯಾಯ ಓದಿ, ನಿನ್ನ ಶಾಂತ ನಡತೆಯಿಂದಲೇ ಅವನನ್ನು ಗೆಲ್ಲಬೇಕು, ಹೊರಗೆ ಹೇಳಿದರೆ ಸಭೆಗೆ ಅವಮಾನ ಎಂದರು. ನಾನು ಇನ್ನೂ ಎಷ್ಟು ತಾಳಬೇಕು?
ಹೆಸರು ಬೇಡ, ಬೆಳಗಾವಿ

ಉತ್ತರ: ತಂಗೀ, ಇನ್ನು ಒಂದು ದಿನವೂ ಬೇಡ. ಪೇತ್ರನು ಆ ಮಾತು ಬರೆದದ್ದು ವಾಕ್ಯವನ್ನು ನಂಬದ ಗಂಡನ ಜೊತೆ ಬಾಳುವ ಹೆಂಡತಿಗೆ. ಹೊಡೆಯುವವನನ್ನು ಬಚ್ಚಿಡು ಎಂದು ಅಲ್ಲಿ ಎಲ್ಲಿಯೂ ಇಲ್ಲ. ಅದೇ ಅಧ್ಯಾಯದ 7ನೇ ವಚನ ಗಂಡಂದಿರಿಗೆ, ಹೆಂಡತಿಯು ಜೀವವರಕ್ಕೆ ನಿಮ್ಮೊಂದಿಗೆ ಬಾಧ್ಯಳೆಂದು ತಿಳಿದು ಆಕೆಯನ್ನು ಗೌರವಿಸಿರಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾದೀತು ಎನ್ನುತ್ತದೆ. ಆ ದೊಡ್ಡವರು ಓದಿ ಹೇಳಬೇಕಾಗಿದ್ದ ವಚನ ಅದು, ಓದಬೇಕಾಗಿದ್ದದ್ದು ನಿಮ್ಮ ಗಂಡನ ಮುಂದೆ. 1 ಸಮುವೇಲ 25ರಲ್ಲಿ ಒರಟನಾದ ನಾಬಾಲನ ಹೆಂಡತಿ ಅಬೀಗೈಲಳು ಗಂಡನಿಗೆ ತಿಳಿಸದೆ, ಅವನ ಮಾತಿಗೆ ವಿರುದ್ಧವಾಗಿ ಕತ್ತೆಗಳ ಮೇಲೆ ರೊಟ್ಟಿ, ದ್ರಾಕ್ಷಾರಸ ಹೇರಿಕೊಂಡು ಹೋಗಿ ಮನೆಯವರ ಜೀವ ಉಳಿಸಿದಳು. ದಾವೀದನು ಆಕೆಯ ಬುದ್ಧಿಗಾಗಿ ದೇವರನ್ನು ಸ್ತುತಿಸಿದನು. ಜೀವ ಉಳಿಸಿಕೊಳ್ಳುವ ಹೆಣ್ಣನ್ನು ಸತ್ಯವೇದ ಅವಿಧೇಯಳೆಂದು ಕರೆಯುವುದಿಲ್ಲ.

ಇಂದೇ 181 ಎಂಬ ಮಹಿಳಾ ಸಹಾಯವಾಣಿಗೆ ಕರೆ ಮಾಡಿರಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ನೀವು ರಕ್ಷಣೆಯ ಆದೇಶವನ್ನೂ, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು. ಮುಂದೆ ಬೇರೆಯಾಗುವ ಪ್ರಸಂಗ ಬಂದರೆ, ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾಗಿ, ಕ್ರೌರ್ಯವೊಂದೇ ಸಾಕಾದ ಕಾರಣವಾಗಿದೆ. ಅದಕ್ಕೆ ಮೊದಲು ಗಂಡನಿಗೆ ಒಂದು ನಿಯಮ, ಹೆಂಡತಿಗೆ ಅದಕ್ಕಿಂತ ಕಠಿಣವಾದ ಇನ್ನೊಂದು ನಿಯಮ ಇತ್ತು. ಸಭೆಗೆ ಅವಮಾನವಾಗಿರುವುದು ನಿಮಗೆ ಬಿದ್ದ ಹೊಡೆತದಿಂದ, ನೀವು ಅದನ್ನು ಹೇಳಿದ್ದರಿಂದ ಅಲ್ಲ.

ಪ್ರಶ್ನೆ: ಬಿ.ಎ. ಮುಗಿಸಿ ದೇವಶಾಸ್ತ್ರ ಓದಿ ಸಭಾಪಾಲಕಿಯಾಗಬೇಕೆಂಬ ಆಸೆಯಿದೆ. ಮನೆಯಲ್ಲಿ “ಪಾಸ್ಟರಮ್ಮ ಆಗಬೇಕಾದರೆ ಪಾಸ್ಟರನ್ನು ಮದುವೆಯಾಗು” ಎನ್ನುತ್ತಾರೆ. ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡುತ್ತಾರೆಯೇ?
ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಮಗಳೇ, ಕೊಡುತ್ತಾರೆ. ಎಲ್ಲ ಸಭೆಗಳಲ್ಲೂ ಅಲ್ಲ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ತ್ರೀಯರಿಗೆ ದೀಕ್ಷೆ ಕೊಡುತ್ತದೆ. 2013ರಲ್ಲಿ ಆಂಧ್ರದ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಎಗ್ಗೋನಿ ಪುಷ್ಪಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ ಆಗಿ ಅಭಿಷಿಕ್ತರಾದರು. ಮೆಥೋಡಿಸ್ಟ್ ಸಭೆಯೂ ಕೊಡುತ್ತದೆ. ಕಥೋಲಿಕ ಸಭೆಯಲ್ಲಿ ಯಾಜಕದೀಕ್ಷೆ ಪುರುಷರಿಗೆ ಮಾತ್ರವೆಂದು 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಖಚಿತಪಡಿಸಿದ್ದಾರೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಸ್ತ್ರೀಯರಿಗೂ ತೆರೆದರು. ಪೆಂತೆಕೊಸ್ತ ಮತ್ತು ಸ್ವತಂತ್ರ ಸಭೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ.

ಮನೆಯವರು ಇದು ನಮ್ಮ ಕಡೆ ಇಲ್ಲದ್ದು ಎಂದರೆ, ಹಳೆಯ ಕಾಲದ ‘ಬೈಬಲ್ ಹೆಂಗಸರ’ ವಿಷಯ ಹೇಳು. ಗಂಡಸು ಮಿಷನರಿಗಳಿಗೆ ಬಾಗಿಲು ತೆರೆಯದ ಮನೆಗಳ ಒಳಕೋಣೆಗಳಿಗೆ ಹೋಗಿ, ಅಕ್ಷರ ಕಲಿಸಿ, ವಾಕ್ಯ ಓದಿ ಹೇಳಿದವರು ಈ ದೇಶದ ಹೆಣ್ಣುಮಕ್ಕಳೇ. ಪಂಡಿತಾ ರಮಾಬಾಯಿ ಅವರನ್ನೂ ನೆನಪಿಸು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಪುಣೆಯ ಹತ್ತಿರದ ಕೇಡಗಾವಿಯಲ್ಲಿ ಅನಾಥರೂ ವಿಧವೆಯರೂ ಆದ ಹೆಣ್ಣುಮಕ್ಕಳಿಗಾಗಿ ಮುಕ್ತಿ ಮಿಷನ್ ಕಟ್ಟಿದ ಆ ತಾಯಿ, ಇಬ್ರಿಯ ಮತ್ತು ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಯೋಷೀಯ ರಾಜನು ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಅರ್ಥ ಕೇಳಲು ಮಹಾಯಾಜಕನನ್ನೇ ಕಳುಹಿಸಿದ್ದು ಹುಲ್ದಳೆಂಬ ಪ್ರವಾದಿನಿಯ ಮನೆಗೆ ಎಂಬುದನ್ನು 2 ಅರಸುಗಳು 22ರಲ್ಲಿ ಅವರಿಗೆ ಓದಿ ತೋರಿಸು.

ಓದಲು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಬೆಂಗಳೂರಿನಲ್ಲಿ 1910ರಲ್ಲಿ ಪ್ರಾರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ದೀಕ್ಷೆಯ ದಾರಿಯಲ್ಲಿ ಹೋಗುವವರಿಗೆ ಸ್ವಂತ ಸಭೆಯ ಶಿಫಾರಸು ಪತ್ರ ಬೇಕಾಗುತ್ತದೆ, ಮತ್ತು ಹುಡುಗಿಯರ ಅರ್ಜಿ ನಿಂತುಹೋಗುವುದು ಬಹಳ ಸಲ ಅಲ್ಲಿಯೇ. ಆದ್ದರಿಂದ ನಿನ್ನ ಸಭಾಪಾಲಕರಿಗೆ ಈಗಲೇ ಬರವಣಿಗೆಯಲ್ಲಿ ತಿಳಿಸು, ಮಹಿಳಾ ಕೂಟದ ಅಕ್ಕಂದಿರ ಕೈಯಲ್ಲೂ ಒಂದು ಪ್ರತಿ ಕೊಡು. ಪರೀಕ್ಷೆ ಮುಗಿದ ರಜೆಯಲ್ಲಿ ಗ್ರೀಕ್ ಅಕ್ಷರಮಾಲೆ ಶುರುಮಾಡು. ಅದರಲ್ಲಿರುವುದು 24 ಅಕ್ಷರ; ಕಾಗುಣಿತ, ಒತ್ತಕ್ಷರ ಎಲ್ಲ ಕಲಿತ ಕೈಗೆ ಅದು ವಾರದ ಕೆಲಸ. ಅಷ್ಟಾದ ಮೇಲೆ ನನಗೆ ಬರೆ, ರೋಮಾಪುರ 16ರ ಮೊದಲ ಎರಡು ವಚನಗಳನ್ನು ಗ್ರೀಕಿನಲ್ಲಿ ಬರೆದು ಕಳುಹಿಸುತ್ತೇನೆ.